ಕಣ್ಣಲ್ಲೇ ಕೂಗಿದವನು

ಕೂಗುವಾಗ ನಮ್ಮ ಬಸ್ ಏಜೆಂಟನ ಕತ್ತಿನ ನರಗಳು ಹಗ್ಗದಂತೆ ಉಬ್ಬುತ್ತಿದ್ದವು. ಕಡೂರು ಬಸ್ ಸ್ಟ್ಯಾಂಡಿನಲ್ಲಿ ಅವನು "ತರೀಕೆರೆ, ಅಜ್ಜಂಪುರ, ಶಿವನಿ!" ಎಂದರೆ ಮಲಗಿದ್ದ ನಾಯಿಯೂ ಎದ್ದು ಬಸ್ಸಿನ ಕಡೆ ನೋಡುತ್ತಿತ್ತು. ಪಕ್ಕದ ಕಂಬದ ನೆರಳಲ್ಲಿ ಸೌತೆಕಾಯಿ ಮಾರುವ ನನ್ನ ಜೊತೆ ದಿನಾ ಜಗಳ. "ಅಕ್ಕೋ, ಬುಟ್ಟಿ ಆಕಡೆ ಎಳ್ಕೋ, ಜನ ಎಡವ್ತಾರೆ" ಎನ್ನುವನು. ಎಳೆದುಕೊಳ್ಳದಿದ್ದರೆ ಒಂದು ಕಾಯಿ ಎತ್ತಿ ಕಡಿಯುವನು.

ಆಮೇಲೆ ನರದ ಕಾಯಿಲೆ ಬಂತು. ಕೈ ಹೋಯಿತು, ಕಾಲು ಹೋಯಿತು, ಆ ಗಂಟಲೂ ಹೋಯಿತು. ಕಣ್ಣು, ಬುದ್ಧಿ, ಮಾತಾಡಲೇಬೇಕೆಂಬ ಹಟ, ಇಷ್ಟು ಉಳಿದವು. ಹೆಂಡತಿ "ನೀರಾ? ಹೊದಿಕೆನಾ?" ಎಂದು ಕೇಳಿ ಕೇಳಿ ಸೋತಿದ್ದಳು.

ನಾನು ಅವನನ್ನು ನೋಡಲು ಮನೆಗೆ ಹೋಗಿದ್ದ ದಿನ ಆಸ್ಪತ್ರೆಯವರು ಕಳಿಸಿದ ಹುಡುಗಿಯೊಬ್ಬಳು ಎರಡು ಯಂತ್ರ ತಂದಳು. ಅವನಿಗೆ ಒಗ್ಗಿದ್ದನ್ನು ಇಲ್ಲೇ ಬಿಟ್ಟುಹೋಗುತ್ತೇನೆ ಎಂದಳು. ಒಂದು, ವೈರಿನ ಟೋಪಿ. ಕಂಪ್ಯೂಟರಿನಲ್ಲಿ ಅಕ್ಷರಗಳು ಮಿನುಗುತ್ತವೆ; ಬೇಕಾದದ್ದು ಮಿನುಗಿದಾಗ ಮಿದುಳಿನಲ್ಲಾಗುವ ಸಣ್ಣ ಅಲುಗಾಟವನ್ನು ಟೋಪಿ ಹಿಡಿಯಬೇಕು. ಇನ್ನೊಂದು, ಪರದೆಯ ಕೆಳಗೆ ಅಂಟಿಸುವ ಪಟ್ಟಿ. ಕಣ್ಣು ಯಾವ ಅಕ್ಷರದ ಮೇಲೆ ನಿಲ್ಲುತ್ತದೋ ಅದನ್ನೇ ಒತ್ತುತ್ತದೆ.

ಟೋಪಿ ಏನೂ ಹಿಡಿಯಲಿಲ್ಲ. ಹುಡುಗಿ ಅವನ ತಲೆ ಮುಟ್ಟಿ, "ಇದೇನಮ್ಮಾ, ಇಷ್ಟೊಂದು ಎಣ್ಣೆ?" ಎಂದಳು.

"ಮಿದುಳಿನ ಕೆಲ್ಸ ಅಂದ್ರಲ್ಲ, ತಂಪಾಗಿರ್ಲಿ ಅಂತ ನೆತ್ತಿಗೆ ಹರಳೆಣ್ಣೆ ತಟ್ಟಿದ್ದೆ ಕಣವ್ವ" ಎಂದಳು ಹೆಂಡತಿ.

ಸೀಗೆಪುಡಿ ಹಾಕಿ ತಿಕ್ಕಿದೆವು. ಅಕ್ಷರ ಬಂತು, ಆದರೆ ಒಂದೊಂದಕ್ಕೂ ಎಮ್ಮೆ ಕರೆದು ಬರುವಷ್ಟು ಹೊತ್ತು. ಕಣ್ಣಿನ ಪಟ್ಟಿ ಚುರುಕು. ಅದಕ್ಕೂ ರೋಗವಿತ್ತು: ಬಿಸಿಲು ಬಿದ್ದರೆ ಕುರುಡು, ಸುಮ್ಮನೆ ನೋಡಿದ್ದನ್ನೂ ಒತ್ತಿಬಿಡುವುದು. ನಾನೇ ಕಿಟಕಿಗೆ ಗೋಣಿಚೀಲ ಕಟ್ಟಿದೆ.

"ಯಾವ್ದು ಇರ್ಲಿ ಅಣ್ಣಾ?" ಎಂದಳು ಹುಡುಗಿ. ಅವನು ಕಣ್ಣಲ್ಲೇ ಬರೆದ, ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದಿತು: "ಕಣ್ಣಿಂದು. ತಲೇಲಿರೋದು ಇವ್ಳಿಗೆ ಗೊತ್ತಾದ್ರೆ ಅನ್ನ ಹಾಕಲ್ಲ."

"ಟೋಪಿ ಮನಸ್ಸು ಓದಲ್ಲ ಅಣ್ಣಾ."

"ಓದಕ್ಕೆ ಅಲ್ಲೇನೈತೆ?" ಎಂದಳು ಹೆಂಡತಿ. ಅವನ ಕಣ್ಣಲ್ಲಿ ನೀರು ಬರುವಷ್ಟು ನಗು.

ನನ್ನ ಅವನ ಜಗಳ ಮತ್ತೆ ಶುರುವಾಯಿತು. ಒಮ್ಮೆ ನಾನು ಅವನ ಮನೆಗೆ ಹೋದಾಗ ಸ್ಟ್ಯಾಂಡಿನ ಹೊಸ ಏಜೆಂಟ್ ಅವನನ್ನು ನೋಡಲು ಬಂದಿದ್ದ. ನನ್ನನ್ನು ಕಂಡು, "ಅಜ್ಜೀ, ನಾಳೆಯಿಂದ ಆ ಕಂಬದ ನೆರಳಲ್ಲಿ ಕೂರ್ಬೇಡ. ನಮ್ ಟೇಬಲ್ ಬತ್ತೈತೆ" ಎಂದ. ಅದು ಬಿಟ್ಟರೆ ನನಗೆ ಬೇರೆ ನೆರಳಿಲ್ಲ. ಕಾಯಿ ಬಾಡಿದರೆ ಯಾರು ಕೊಳ್ಳುತ್ತಾರೆ?

ಇವನ ಕಣ್ಣು ಪರದೆಯ ಮೇಲೆ ಓಡಾಡತೊಡಗಿತು. ಕಾದೆವು. "ಲೇ, ಆ ಜಾಗ ಅಕ್ಕಂದು ಕಣೋ. ಎಬ್ಬಿಸಿದ್ರೆ ಸ್ಟ್ಯಾಂಡಿಗೇ ಬಂದು ಕೂಗ್ತೀನಿ" ಎಂದಿತು ಕಂಪ್ಯೂಟರ್.

"ಆಯ್ತಣ್ಣಾ" ಎಂದ ಹೊಸಬ.

ಸುಗ್ಗಿಗೆ ಮೊದಲೇ ನಮ್ಮ ಹಳೆಯ ಏಜೆಂಟ್ ತೀರಿಹೋದ. ನಾನು ಕಂಬದ ನೆರಳಲ್ಲೇ ಕೂರುತ್ತೇನೆ. ಹೊಸಬನ ಟೇಬಲ್ ಆಚೆ ಬಿಸಿಲಲ್ಲಿದೆ.