ವಾಡೆಗೆ ಬಂದ ಮದುಮಗಳು

ಸ್ಯಾನ್ ಡಿಯಾಗೋದಲ್ಲಿ ಓದುವ ಮಗಳಿಗೆ ಇತಿಹಾಸದ ತರಗತಿಯಲ್ಲಿ ಒಂದು ಪ್ರಬಂಧ ಬರೆಯಬೇಕಿತ್ತು. ಹಳೆಯ ಯುರೋಪಿನ ದೊರೆಗಳಿಗೆ ತಮ್ಮ ಒಕ್ಕಲುಗಳ ಮದುಮಗಳ ಮೊದಲ ರಾತ್ರಿಯ ಮೇಲೆ ಹಕ್ಕಿತ್ತಂತೆ ಎಂಬ ಮಾತಿನ ಬಗ್ಗೆ. ಅಂಥ ಕಾನೂನು ಇತ್ತೆನ್ನಲು ಗಟ್ಟಿ ಆಧಾರವಿಲ್ಲ, ಬಹುಪಾಲು ಕಟ್ಟುಕತೆ ಎಂದು ಪ್ರೊಫೆಸರ್ ಹೇಳಿದ್ದರು. ಅಷ್ಟಕ್ಕೇ ಬಿಡಬಹುದಿತ್ತು. ನಮ್ಮ ಮನೆತನವೂ ಊರಾಳಿದ ದೇಸಗತಿಯದಲ್ಲವೇ, ಊರಲ್ಲಿ ಏನು ನಡೆಯುತ್ತಿತ್ತು ಎಂದು ಅವಳು ಫೋನಿನಲ್ಲಿ ಕೇಳಿದಳು. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ; ಗೊತ್ತಾಗುವುದು ಬೇಡವೂ ಆಗಿತ್ತು.

ಗೊತ್ತಿದ್ದವರು ಒಬ್ಬರೇ, ಅವಳ ಕಾಲೇಜಿಗೆ ಹತ್ತಿರದ ಪೊವೇಯಲ್ಲಿ ಮಗನ ಮನೆಯಲ್ಲಿದ್ದ ನನ್ನ ಸೋದರತ್ತೆ, ತಂದೆಯ ಅಕ್ಕ. ತೊಂಬತ್ತರ ಹತ್ತಿರದವರು. ಮಗಳು ತಾನೇ ಫೋನ್ ಮಾಡಿ ಭಾನುವಾರ ಬರುತ್ತೇನೆಂದು ಹೇಳಿಬಿಟ್ಟಿದ್ದಳು. ಅವಳನ್ನು ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನಿರುವ ಪೋರ್ಟರ್ ರ್ಯಾಂಚ್‌ನಿಂದ ಬೆಳಿಗ್ಗೆಯೇ ಹೊರಟೆ. ದಾರಿಯುದ್ದಕ್ಕೂ ಅತ್ತೆಯನ್ನು ಹೇಗೆ ತಡೆಯಲಿ ಎಂದೇ ಯೋಚಿಸಿದೆ. ಎರಡು ಸಲ ಹೆದ್ದಾರಿಯ ಎಕ್ಸಿಟ್ ತಪ್ಪಿಹೋಯಿತು.

ಅತ್ತೆ ನನ್ನ ಮಗಳ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡರು.

"ಹಕ್ಕು ಅಂತ ಏನೂ ಇರಲಿಲ್ಲವ್ವಾ. ಆದ್ರ ಬ್ಯಾಡ ಅನ್ನಾಕ ಯಾರಿಗೆ ಧೈರ್ಯ ಇತ್ತು?"

ಒಕ್ಕಲುಗಳ ಮನೆಗೆ ಬಂದ ಹೊಸ ಸೊಸೆ ನಮ್ಮ ದೊಡ್ಡಮನೆಯಾದ ವಾಡೆಗೆ ಬಂದು ದೇಸಾಯರ, ಅಂದರೆ ನನ್ನ ಅಜ್ಜನ, ಕಾಲಿಗೆ ಬೀಳುವುದು ಪದ್ಧತಿಯಾಗಿತ್ತಂತೆ. ಆಗೆಲ್ಲ ನನ್ನ ಅಜ್ಜಿ ಆ ಹುಡುಗಿಯನ್ನು ಅಡುಗೆಮನೆಯಲ್ಲಿ ತನ್ನ ಪಕ್ಕಕ್ಕೇ ಕೂರಿಸಿಕೊಂಡು, ಉಡಿ ತುಂಬಿ, ತಾನೇ ಬಾಗಿಲ ತನಕ ಬಂದು ಕಳಿಸುತ್ತಿದ್ದರಂತೆ. ಒಂದು ಗಳಿಗೆಯೂ ಅವಳನ್ನು ಕಣ್ಣಿಂದ ಮರೆಯಾಗಲು ಬಿಡುತ್ತಿರಲಿಲ್ಲವಂತೆ. ಯಾಕೆ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಅತ್ತೆ ನನ್ನ ಕಡೆ ನೋಡಿದರು. ಸಾಕು ಎನ್ನಬೇಕೆಂದಿದ್ದೆ, ಅಷ್ಟರಲ್ಲಿ ಅವರೇ ಶುರುಮಾಡಿದರು.

"ಒಮ್ಮೆ ಅವ್ವ ಹಡ್ಯಾಕ ತವರಿಗೆ ಹೋಗಿದ್ಲು. ಆಗ ಒಬ್ಬಾಕಿ ಬಂದ್ಲು. ಅಪ್ಪ ಆಕಿ ಗಂಡನ್ನ ಹೊಲಕ್ಕ ಕಳಿಸಿದ. ನನಗ ಹಿತ್ತಲಕ್ಕ ಹೋಗಿ ಆಡಿಕೋ ಅಂದ. ನಾ ಹೋದೆ."

ಮುಂದಿನದನ್ನು ಅವರು ಹೇಳಲಿಲ್ಲ. ವಾರದೊಳಗೆ ಆ ಗಂಡ ಹೆಂಡತಿ ಊರು ಬಿಟ್ಟರು ಎಂದಷ್ಟೇ ಹೇಳಿದರು. ನನ್ನ ಅಜ್ಜಿ ಆ ಸಲ ಹಡೆದದ್ದು ನನ್ನ ತಂದೆಯನ್ನು.

ಮಗಳು ಫೋನಿನಲ್ಲಿ ಮಾಡಿಕೊಳ್ಳುತ್ತಿದ್ದ ರೆಕಾರ್ಡಿಂಗ್ ನಿಲ್ಲಿಸಿ, ಇದನ್ನು ಬರೆಯಬಹುದೇ ಎಂದು ಅತ್ತೆಯನ್ನು ಕೇಳಿದಳು. ಅವರು ಬೇಡವೆನ್ನಲಿ ಎಂದು ನಾನು ಕಾಯುತ್ತಾ ಕುಳಿತೆ.

"ಬರಿ. ನಮ್ಮ ಅಪ್ಪನ ಹೆಸರು ಹಾಕು," ಎಂದರು ಅತ್ತೆ. "ಆಕಿ ಹೆಸರು ಮಾತ್ರ ಹಾಕಬ್ಯಾಡ."

ಅವಳು ಹಾಗೆಯೇ ಬರೆದಳು. ವಿಷಯ ತಿಳಿದು ಹುಬ್ಬಳ್ಳಿಯಿಂದ ನನ್ನ ಅಣ್ಣ ಫೋನ್ ಮಾಡಿದ. ಅತ್ತೆಗೆ ಅರಳು ಮರಳು, ಅವರ ಮಾತು ಕಟ್ಟಿಕೊಂಡು ಮನೆತನದ ಮಾನ ಕಳೆಯುತ್ತೀರಾ ಎಂದ. ಅವರಿಗೆ ಎಲ್ಲವೂ ಸ್ಪಷ್ಟವಾಗಿ ನೆನಪಿದೆ ಎಂದೆ. ಅಣ್ಣ ಈಚೆಗೆ ಫೋನ್ ಮಾಡುತ್ತಿಲ್ಲ.