ತುಂಬಿ ಬಂದ ಡಬ್ಬಿ

ಆಗ ನನಗೆ ಐವತ್ತಮೂರು ವರ್ಷ. ಅದಾಗಿ ಮೂವತ್ತು ವರ್ಷ ದಾಟಿತು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆದು ಅಭ್ಯಾಸವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ. ದೆವ್ವ, ಪಿಶಾಚಿ, ಸತ್ತವರು ಬಂದು ನೀರು ಕೇಳಿದರು ಎನ್ನುವ ಕಥೆಗಳನ್ನು ನಾನು ಯಾವತ್ತೂ ನಂಬಿದವಳಲ್ಲ. ಹಾಗೆ ಹೇಳುವವರನ್ನು, ರಾತ್ರಿ ಏನು ತಿಂದಿದ್ದಿರಿ ಎಂದು ಎದುರಿಗೇ ಕೇಳುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನೈರೋಬಿಯಲ್ಲಿ ಒಂದು ಸಂಜೆ ಒಂದು ಡಬ್ಬಿ ನನ್ನ ಕೈಗೇ ಬಂತು. ಅದಕ್ಕೆ ಏನು ಅರ್ಥ ಹೇಳಬೇಕೋ ಇವತ್ತಿನ ತನಕ ನನಗೆ ತಿಳಿದಿಲ್ಲ.

ನಾನು ಆ ಊರಿಗೆ ಹೋದದ್ದು ಹೈರಿಡ್ಜ್ ಎನ್ನುವ ಬಡಾವಣೆಯಲ್ಲಿದ್ದ ಒಬ್ಬ ಮೈಸೂರು ಡಾಕ್ಟರ ಮನೆಗೆ ಅಡುಗೆಯವಳಾಗಿ. ಗಂಡ ತೀರಿಕೊಂಡಿದ್ದ. ಗಿರಿಜಾ ಒಬ್ಬಳೇ ಮಗಳು, ಅವಳಿಗೆ ಆಗ ಹದಿಮೂರು. ಅಲ್ಲೇ ಬೆಳೆದಳು, ಶ್ರೀಧರ ಎನ್ನುವ ಲೆಕ್ಕದ ಮೇಷ್ಟರನ್ನು ಮದುವೆಯಾಗಿ ಅಲ್ಲೇ ಸಂಸಾರ ಹೂಡಿದಳು. ಡಾಕ್ಟರ ಮನೆಯವರು ಊರಿಗೆ ವಾಪಸು ಹೋದ ಮೇಲೆ ನಾನು ಪಕ್ಕದ ಪಾರ್ಕ್‌ಲ್ಯಾಂಡ್ಸ್‌ನ ಒಂದು ಪ್ರವಾಸದ ಕಂಪನಿಯ ಅಡುಗೆಮನೆಗೆ ಸೇರಿಕೊಂಡೆ. ಗಿರಿಜಾನೂ ನನ್ನ ಜೊತೆಗೆ ಬರುತ್ತಿದ್ದಳು.

ಪ್ರವಾಸದ ಕಂಪನಿಗೆ ಅಡುಗೆಮನೆ ಯಾಕೆ ಎಂದು ನೀವು ಕೇಳಬಹುದು. ದೊಡ್ಡ ದೊಡ್ಡ ಅಂಗಡಿ, ಕಾರ್ಖಾನೆ ಇದ್ದವರನ್ನು ಪ್ಯಾರಿಸ್ಸಿಗೆ ಕರೆದುಕೊಂಡು ಹೋಗುವ ಕಂಪನಿ ಅದು. ಮನೆ ಬಾಗಿಲಿಗೆ ಉದ್ದನೆಯ ಕಾರು. ಅಲ್ಲಿ ಇಳಿದರೆ ಅರಮನೆಯಂಥ ಹೋಟೆಲು, ಪೆಟ್ಟಿಗೆ ಹೊರುವುದಕ್ಕೆ ಬಿಳಿ ಕೈಗವಸು ತೊಟ್ಟ ಆಳುಗಳು. ಆಗ ಆ ಊರಿನಲ್ಲಿ ಹೊಸ ಹೊಸದಾಗಿ ನೋಡುವ ಜಾಗಗಳನ್ನು ಮಾಡಿದ್ದರು. ರೈಲು ನಿಂತುಹೋದ ಒಂದು ಸ್ಟೇಷನ್ನಿನಲ್ಲಿ ಚಿತ್ರಗಳನ್ನು ತೂಗುಹಾಕಿ ಜನರನ್ನು ಬಿಡುತ್ತಿದ್ದರಂತೆ. ಹಳೇ ಅರಮನೆಯ ಅಂಗಳದಲ್ಲಿ ಗಾಜಿನ ಗೋಪುರ ಕಟ್ಟಿ ಸುತ್ತ ನೀರು ನಿಲ್ಲಿಸಿ ಕಲ್ಲಿನ ಕಟ್ಟೆ ಹಾಕಿದ್ದರು. ಕಂಪನಿಯವರು ಹಂಚುವ ಹೊಳೆಯುವ ಪುಸ್ತಕದಲ್ಲಿ ಅದರ ಪಟ ಇತ್ತು. ನನ್ನ ಕಣ್ಣಿಗೆ ಅದು ಗಾಜಿನ ಸಮೋಸಾ. ಅದನ್ನು ನೋಡುವುದಕ್ಕೆ ಅಷ್ಟು ದೂರ ಹೋಗುತ್ತಾರಲ್ಲ ಎಂದು ನಾನೂ ಗಿರಿಜಾನೂ ನಕ್ಕಿದ್ದೆವು.

ಏನು ನೋಡಿದರೂ ಮಧ್ಯಾಹ್ನ ಒಂದು ಗಂಟೆಗೆ ಆ ಜನಕ್ಕೆ ಮನೆ ರುಚಿಯೇ ಬೇಕು. ಈರುಳ್ಳಿ ಕೂಡ ಮುಟ್ಟದ ಮುದುಕರು ಇರುತ್ತಿದ್ದರು. ಅದಕ್ಕೆ ಪ್ರತಿ ತಂಡದ ಜೊತೆಗೂ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಹೋಗುತ್ತಿತ್ತು. ಅದರಲ್ಲಿ ಹನ್ನೆರಡು ಸ್ಟೀಲ್ ಡಬ್ಬಿ: ಚಟ್ನಿಪುಡಿ, ಗೊಜ್ಜು, ತೊಕ್ಕು, ಉಪ್ಪಿನಕಾಯಿ. ಹುರಿಯುವವಳು ನಾನು, ಕುಟ್ಟುವವಳು ಇಂಜೇರಿ ಎನ್ನುವ ಅಲ್ಲಿನ ಕಿಕುಯು ಜನದ ಹೆಂಗಸು, ತುಂಬಿ ಬಟ್ಟೆಯಲ್ಲಿ ಕಟ್ಟುವವಳು ಗಿರಿಜಾ. ಗಿರಿಜಾ ಎಡಚಿ. ಅವಳು ಹಾಕಿದ ಜಾರುಗಂಟಿನ ಬಾಲ ಎಡಗಡೆಗೆ ಬರುತ್ತಿತ್ತು. ನಮ್ಮಂಥವರು ಬಲಗೈಯಲ್ಲಿ ಎಳೆದರೆ ಬಿಚ್ಚಿಕೊಳ್ಳುವ ಬದಲು ಬಿಗಿದುಕೊಳ್ಳುತ್ತಿತ್ತು. ಇನ್ನೊಂದು ಚಾಳಿಯಿತ್ತು ಅವಳಿಗೆ. ಚಟ್ನಿಪುಡಿಗೆ ಹುಣಸೆಹಣ್ಣು ಹಾಕದೆ, ಕಿಟಕಿಯಲ್ಲಿ ಒಣಗಿಸಿದ ಕಿತ್ತಳೆ ಸಿಪ್ಪೆ ಹುರಿದು ಹಾಕುತ್ತಿದ್ದಳು. ಬಾಯಿಯ ಕೊನೆಗೆ ಒಂದಿಷ್ಟು ಕಹಿ ಉಳಿಯುತ್ತಿತ್ತು. ಇದು ಚಟ್ನಿಪುಡಿಯಲ್ಲ, ಕಷಾಯ ಎಂದು ನಾನು ಬೈಯುತ್ತಿದ್ದೆ. ಅವಳು ಕೇಳುತ್ತಿರಲಿಲ್ಲ.

ಮದುವೆಯಾಗಿ ಎಂಟು ವರ್ಷವಾದರೂ ಅವಳಿಗೆ ಮಕ್ಕಳಾಗಲಿಲ್ಲ. ದೇವಸ್ಥಾನಕ್ಕೆ ಹೋದರೆ ಹೆಂಗಸರು ಅವಳ ಹೊಟ್ಟೆ ನೋಡಿ ಮಾತು ಶುರು ಮಾಡುತ್ತಿದ್ದರು. ಅದೇ ಹೊತ್ತಿಗೆ ಕಂಪನಿಯ ಗಿರಾಕಿಯಾಗಿದ್ದ ಒಬ್ಬ ಆಫೀಸರಿಗೆ ಪ್ಯಾರಿಸ್ಸಿಗೆ ವರ್ಗವಾಯಿತು. ಮಗು ನೋಡಿಕೊಂಡು ಅಡುಗೆ ಮಾಡುವವಳು ಬೇಕಾಗಿತ್ತು. ಗಿರಿಜಾ ಹಿಂದೆಮುಂದೆ ನೋಡಿದಳು. "ಹೋಗು. ಎರಡು ವರ್ಷ ಯಾರ ಬಾಯಿಗೂ ಸಿಗದೆ ಇದ್ದು ಬಾ," ಎಂದವಳು ನಾನು. ಶ್ರೀಧರನೂ ಅಲ್ಲ, ಇನ್ನೊಬ್ಬರೂ ಅಲ್ಲ. ನಾನು.

ಹತ್ತು ತಿಂಗಳು ಅವಳ ಕಾಗದ ಬಂತು. ಆಮೇಲೆ ಆಫೀಸರ ಕಾಗದ ಬಂತು. ಅದನ್ನು ಓದಿ ಹೇಳಿದವಳು ಕಂಪನಿಯ ಫಿಲೋಮಿನಾ. ಮಂಗಳೂರು ಕಡೆಯ ಕ್ರೈಸ್ತರ ಹುಡುಗಿ, ತಂಡಗಳನ್ನು ಕರೆದುಕೊಂಡು ಹೋಗುವವಳು ಅವಳೇ. ಒಂದು ಭಾನುವಾರ ರಜೆಯಲ್ಲಿ ಗಿರಿಜಾ ಗಾಜಿನ ಗೋಪುರ ನೋಡಿಬರುತ್ತೇನೆಂದು ನೀಲಿ ಕೋಟು ಹಾಕಿಕೊಂಡು ಹೋದಳಂತೆ. ವಾಪಸು ಬರಲಿಲ್ಲ. ವಾರದ ಮೇಲೆ ನದಿಯ ದಡದಲ್ಲಿ ಕೋಟು ಸಿಕ್ಕಿತಂತೆ. ಅವಳು ಸಿಗಲಿಲ್ಲ.

ಆಮೇಲಿನ ಎರಡು ವರ್ಷ ನಾನು ಹೇಗಿದ್ದೆ ಎಂದು ವಿವರಿಸುವುದಿಲ್ಲ. ಹೊರಡುವ ಗಿರಾಕಿಗಳ ಕಾರಿನ ಕಿಟಕಿಗೆ ಗಿರಿಜಾಳ ಫೋಟೋ ಒತ್ತಿ ಹಿಡಿಯುತ್ತಿದ್ದೆ, ಇವಳನ್ನು ಕಂಡರೆ ಹೇಳಿ ಎನ್ನುತ್ತಿದ್ದೆ. ಮಜಾ ಮಾಡಲು ಹೋಗುವವರಿಗೆ ಅಳುವ ಮುಖ ತೋರಿಸಬೇಡ ಎಂದು ಯಜಮಾನರು ನನ್ನನ್ನು ಒಳಗೆ ಕಳುಹಿಸಿದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಫಿಲೋಮಿನಾಗೆ ಮಾತ್ರ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದೆ: ಗೋಪುರದ ಹತ್ತಿರದ ಕಟ್ಟೆಯ ಮೇಲೆ ನನ್ನ ಒಂದು ಡಬ್ಬಿ ಇಟ್ಟು ಬಾ, ಅವಳು ಆ ಕಡೆ ಬಂದರೆ ನನ್ನ ಗಂಟು ಗುರುತಿಸುತ್ತಾಳೆ.

"ಎಂತ ಮಾತಾಡ್ತೀರಿ ಅಮ್ಮ?" ಎನ್ನುತ್ತಿದ್ದಳು. "ಅಲ್ಲಿ ಒಂದು ಚೀಲ ಬಿಟ್ಟು ನಾಲ್ಕು ಹೆಜ್ಜೆ ನಡೆದ್ರೆ ಬಾಂಬು ಅಂತ ಪೊಲೀಸರು ಓಡಿ ಬರ್ತಾರೆ. ನಿಮ್ಮ ಚಟ್ನಿಪುಡಿಗೆ ಸೀಟಿ ಊದಿ ಇಡೀ ಅರಮನೆ ಖಾಲಿ ಮಾಡಿಸಿಯಾರು. ನನ್ನನ್ನು ಜೈಲಿಗೆ ಹಾಕ್ತಾರೆ ಮಾರಾಯ್ರೆ."

"ಹಾಕಲಿ ಬಿಡು. ಅಲ್ಲಿಗೂ ಊಟ ಕಳಿಸ್ತೀನಿ," ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು, ಇಡುತ್ತಿರಲಿಲ್ಲ.

ಮೂರನೇ ವರ್ಷ ಶ್ರೀಧರ ಬಂದು ಕೂತ. ಊರಿನಲ್ಲಿ ಅವನ ಮನೆಯವರು ಇನ್ನೊಂದು ಹೆಣ್ಣು ನೋಡಿದ್ದರು. ಮೊದಲನೆಯವಳ ಕ್ರಿಯೆ ಮುಗಿಯದೆ ಹೆಣ್ಣು ಕೊಡುವುದಿಲ್ಲ ಎಂದು ಹುಡುಗಿಯ ಕಡೆಯವರು ಹೇಳಿದ್ದರಂತೆ. ಹೆಣ ಸಿಗದವರಿಗೆ ದರ್ಭೆಯಲ್ಲಿ ಬೊಂಬೆ ಮಾಡಿ, ಅದನ್ನೇ ಸುಟ್ಟು ಕರ್ಮ ಮಾಡುವ ಪದ್ಧತಿ ನಮ್ಮಲ್ಲಿದೆ. ಹನ್ನೆರಡು ವರ್ಷ ಕಾಯಬೇಕೆಂದು ನಾನು ಕೇಳಿದ್ದೆ. ಕೋಟು ಸಿಕ್ಕಿರುವುದರಿಂದ ಈಗಲೇ ಮಾಡಬಹುದು ಎಂದು ದೇವಸ್ಥಾನದ ಭಟ್ಟರು ಹೇಳಿದ್ದರು.

"ಎಷ್ಟು ದಿನ ಅಂತ ಕಾಯಲಿ ಅತ್ತೆ? ನನಗೆ ಹೆಂಡತೀನೂ ಇಲ್ಲ, ಹೆಣಾನೂ ಇಲ್ಲ," ಎಂದ. ಆಮೇಲೆ, "ಅವಳದೊಂದು ಸೀರೆ ಬೇಕಂತೆ. ಬೊಂಬೆಗೆ ಸುತ್ತೋಕೆ," ಎಂದ.

"ಬೊಂಬೆಗೆ ಯಾವ ಬಣ್ಣ ಒಪ್ಪುತ್ತೆ ಅಂತ ಭಟ್ಟರನ್ನ ಕೇಳ್ಕೊಂಡು ಬಾ," ಎಂದೆ.

ಅವನು ತಲೆ ತಗ್ಗಿಸಿ ಅತ್ತ. ಮೂರು ದಿನ ಹಟ ಹಿಡಿದೆ, ನಾಲ್ಕನೇ ದಿನ ಸಾಕಾಯಿತು. ಬೆಳಗ್ಗೆ ಎದ್ದು ಇವತ್ತು ಕಾಗದ ಬರಬಹುದು ಎಂದುಕೊಳ್ಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಆಗಲಿ ಎಂದುಬಿಟ್ಟೆ. ಅವತ್ತಿನ ಅಡುಗೆಯನ್ನೂ ನಾನೇ ಮಾಡುತ್ತೇನೆ, ಸೀರೆಯನ್ನೂ ತರುತ್ತೇನೆ ಎಂದೆ.

ಕ್ರಿಯೆಯ ಹಿಂದಿನ ದಿನ ಮನೆಯಲ್ಲಿ ಇರಲಾರದೆ ಕೆಲಸಕ್ಕೆ ಹೋದೆ. ಗಿರಿಜಾಳ ಹಸಿರು ಸೀರೆ ಇಸ್ತ್ರಿಯಾಗಿ ನನ್ನ ಚೀಲದಲ್ಲಿತ್ತು. ಮಧ್ಯಾಹ್ನ ಫಿಲೋಮಿನಾಳ ತಂಡ ಪ್ಯಾರಿಸ್ಸಿನಿಂದ ಬಂದಿಳಿಯಿತು. ಸಾಯಂಕಾಲ ಪೆಟ್ಟಿಗೆ ಅಡುಗೆಮನೆಗೆ ಬಂತು. ಖಾಲಿ ಡಬ್ಬಿಗಳನ್ನು ತೆಗೆದು ಬಿಸಿನೀರಿಗೆ ಹಾಕುವುದು ನನ್ನ ಕೆಲಸ. ಒಂದೊಂದಾಗಿ ತೆಗೆದೆ, ಖಣಖಣ ಎನ್ನುತ್ತಿದ್ದವು. ಏಳನೆಯದೋ ಎಂಟನೆಯದೋ, ಕೈಗೆ ಭಾರವಾಗಿ ಬಂತು. ಬಟ್ಟೆ ಕಟ್ಟಿತ್ತು. ಬಟ್ಟೆ ನನ್ನದೇ, ಮೂಲೆಯಲ್ಲಿ ಅರಿಸಿನದ ಕಲೆ ಇದ್ದದ್ದು. ಯಾರೋ ತಿನ್ನದೆ ಉಳಿಸಿದ್ದಾರೆ ಎಂದುಕೊಂಡು ಗಂಟಿನ ಬಾಲ ಎಳೆದೆ. ಬಿಗಿದುಕೊಂಡಿತು.

ನಾನು ಗಂಟು ನೋಡಲಿಲ್ಲ. ಮೊದಲು ಕೈಗೆ ಗೊತ್ತಾಯಿತು. ಎಡಗೈಯಲ್ಲಿ ಎಳೆದೆ. ಸಲೀಸಾಗಿ ಬಿಚ್ಚಿಕೊಂಡಿತು.

ಒಳಗೆ ಕತ್ತಿನ ತನಕ ಚಟ್ನಿಪುಡಿ. ನಲವತ್ತು ವರ್ಷ ಹುರಿದು ಕುಟ್ಟಿದವಳು ನಾನು. ಪುಡಿಯ ವಾಸನೆ ನೋಡಿ ಎಷ್ಟು ದಿನದ್ದು ಎಂದು ಹೇಳಬಲ್ಲೆ. ತಂಡ ಹೊರಟು ಹದಿನೈದು ದಿನವಾಗಿತ್ತು. ಈ ಪುಡಿ ನಿನ್ನೆ ಮೊನ್ನೆಯದು, ಕೊಬ್ಬರಿಯ ಬಿಸಿ ಇನ್ನೂ ಆರಿದಂತಿರಲಿಲ್ಲ. ಚಿಟಿಕೆ ಬಾಯಿಗೆ ಹಾಕಿಕೊಂಡೆ. ಖಾರ, ಉಪ್ಪು, ಕೊನೆಗೆ ಕಿತ್ತಳೆ ಸಿಪ್ಪೆಯ ಕಹಿ. ಡಬ್ಬಿ ಹಿಡಿದುಕೊಂಡು ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟೆ.

ಅಷ್ಟರಲ್ಲಿ ಇಂಜೇರಿ ಹೊರಗಿನಿಂದ ಬಂದಳು. ಮೂರು ದಿನ ಅವಳ ಊರಿಗೆ ಹೋಗಿದ್ದಳು, ಬಸ್ಸಿಳಿದು ಸೀದಾ ಬಂದಿದ್ದಳು. ನಾನು ಬಾಯಿ ಬಿಟ್ಟಿರಲಿಲ್ಲ, ಡಬ್ಬಿ ನನ್ನ ಮಡಿಲಲ್ಲಿತ್ತು, ಅವಳಿಗೆ ಕಾಣುತ್ತಲೂ ಇರಲಿಲ್ಲ. ಬಾಗಿಲಲ್ಲೇ ನಿಂತು ಮೂಗರಳಿಸಿದಳು. "ಮಾಮಾ, ಗಿರಿಜಾ ಅಮೆರೂಡಿ?" ಎಂದಳು. ಅಮ್ಮಾ, ಗಿರಿಜಾ ವಾಪಸು ಬಂದಳಾ ಎಂದು ಅಲ್ಲಿನ ಭಾಷೆಯಲ್ಲಿ ಕೇಳಿದ್ದು.

ನಾನು ಡಬ್ಬಿ ಎತ್ತಿಕೊಂಡು ಫಿಲೋಮಿನಾ ಕೂರುವ ಕಡೆಗೆ ಓಡಿದೆ. ರತ್ನಗಂಬಳಿಯ ಮೇಲೆ ಎಣ್ಣೆ ಕಾಲಿಟ್ಟುಕೊಂಡು ಹೋದೆ. ಅವಳ ಎದುರಿಗೆ ಡಬ್ಬಿ ಕುಕ್ಕಿ, "ಇದನ್ನ ಯಾರು ಕೊಟ್ಟರು? ಎಲ್ಲಿ ಸಿಕ್ಕಳು? ನಿಜ ಹೇಳು," ಎಂದೆ. ಅವಳು ಡಬ್ಬಿ ನೋಡಿದಳು, ಮುಖ ಬಿಳಿಚಿಕೊಂಡಿತು.

"ಇದು ಮೂರನೇ ದಿನವೇ ಖಾಲಿಯಾಗಿದೆ ಅಮ್ಮ. ನಾನೇ ತೊಳೆದು ಒರೆಸಿ ಇಟ್ಟದ್ದು. ಬಟ್ಟೆ ಮಡಚಿ ಒಳಗೆ ಹಾಕಿದ್ದೆ. ಖಾಲಿ ಡಬ್ಬಿಗೆ ಯಾರಾದರೂ ಗಂಟು ಹಾಕ್ತಾರಾ?" ಪೆಟ್ಟಿಗೆಯ ಕೀಲಿ ಅವಳ ಕುತ್ತಿಗೆಯ ಸರದಲ್ಲಿ ಶಿಲುಬೆಯ ಪಕ್ಕದಲ್ಲಿತ್ತು. ಸ್ನಾನಕ್ಕೂ ತೆಗೆದಿಲ್ಲ ಎಂದಳು. ಶಿಲುಬೆ ಹಿಡಿದು ಆಣೆ ಇಟ್ಟಳು. ಗಿರಿಜಾಳನ್ನು ಕಂಡಿಲ್ಲ, ಕಂಡಿದ್ದರೆ ಕೂದಲು ಹಿಡಿದಾದರೂ ಎಳೆದು ತರುತ್ತಿದ್ದೆ ಎಂದು ಅತ್ತಳು.

ಎಲ್ಲ ಕಡೆಯಿಂದಲೂ ಯೋಚಿಸಿದ್ದೇನೆ. ನನ್ನ ಮೇಲೆ ಕರುಣೆಯಿಂದ ಫಿಲೋಮಿನಾ ಮಾಡಿರಬಹುದೇ? ಆ ಹುಡುಗಿಗೆ ಮೊಟ್ಟೆ ಬೇಯಿಸಲು ಬರುತ್ತಿರಲಿಲ್ಲ, ಸಿಪ್ಪೆಯ ವಿಷಯ ಅವಳಿಗೆ ಗೊತ್ತೂ ಇರಲಿಲ್ಲ. ಇಂಜೇರಿಗೆ ಗೊತ್ತಿತ್ತು, ಆದರೆ ಅವಳು ನೈರೋಬಿಯಲ್ಲಿರಲಿಲ್ಲ. ನಾನೇ ಹುಚ್ಚಿಯಾಗಿ ಮಾಡಿಟ್ಟು ಮರೆತೆನೇ? ಬೀಗ ಹಾಕಿದ ಪೆಟ್ಟಿಗೆಯನ್ನು ನನ್ನ ಎದುರಿಗೇ ಫಿಲೋಮಿನಾ ತೆಗೆದುಕೊಟ್ಟು ಹೋಗಿದ್ದಳು. ಇನ್ನು ಉಳಿದದ್ದು ಎರಡೇ. ಗಿರಿಜಾ ಬದುಕಿದ್ದಾಳೆ, ನಮ್ಮ ಹತ್ತಿರಕ್ಕೇ ಬಂದು, ಒಂದು ಮಾತೂ ಆಡದೆ ಹೋಗಿದ್ದಾಳೆ. ಇಲ್ಲವೇ ಸತ್ತಿದ್ದಾಳೆ, ಸತ್ತವಳು ಒಲೆ ಹಚ್ಚಿದ್ದಾಳೆ. ಈ ಎರಡರಲ್ಲಿ ಯಾವುದನ್ನು ತಡೆದುಕೊಳ್ಳುವುದು ಸುಲಭ ಎಂದು ನನಗೆ ಇನ್ನೂ ತೀರ್ಮಾನಿಸಲು ಆಗಿಲ್ಲ.

ಆಮೇಲೆ ಅವಳಿಂದ ಏನೂ ಬರಲಿಲ್ಲ. ಅಲ್ಲಿನ ಪೊಲೀಸರಿಗೆ ಫಿಲೋಮಿನಾ ಇನ್ನೆರಡು ಸಲ ಕಾಗದ ಬರೆದಳು, ಹೊಸದೇನೂ ಇಲ್ಲ ಎಂದು ಉತ್ತರ ಬಂತು. ಇನ್ನೊಂದು ಡಬ್ಬಿಯೂ ತುಂಬಿ ಬರಲಿಲ್ಲ. ಆ ಪುಡಿಯನ್ನು ದಿನಕ್ಕೊಂದು ಚಮಚದಂತೆ ಅನ್ನಕ್ಕೆ ಕಲಸಿಕೊಂಡು ನಾನು ತಿಂದು ಮುಗಿಸಿದೆ. ಇಟ್ಟು ಪೂಜೆ ಮಾಡುವುದಕ್ಕೆ ಅದೇನು ದೇವರೇ? ಚಟ್ನಿಪುಡಿ. ಶ್ರೀಧರ ಅಂಗಡಿಯಿಂದ ಬೇರೆ ಸೀರೆ ತಂದು, ಬೇರೆಯವರಿಂದ ಅಡುಗೆ ಮಾಡಿಸಿ ಕ್ರಿಯೆ ಮುಗಿಸಿದ. ಮದುವೆಯಾದ, ಎರಡು ಮಕ್ಕಳಾದವು. ಅವನನ್ನು ನಾನು ದೂರುವುದಿಲ್ಲ. ಕೊಂಡು ತಂದ ಸೀರೆ ಸುತ್ತಿದ ಹುಲ್ಲಿನ ಬೊಂಬೆ ನನ್ನ ಮಗಳಲ್ಲ, ಅಷ್ಟೇ.

ಡಬ್ಬಿ ಬಂದ ಮಾರನೇ ದಿನ, ಆ ಕ್ರಿಯೆಯ ದಿನ, ಬೆಳಗ್ಗೆ ಎಂಟಕ್ಕೆ ನಾನು ಅವನ ಮನೆಯಲ್ಲಿರಬೇಕಾಗಿತ್ತು. ಹೋಗಲಿಲ್ಲ. ಮಟಾಟು ಎನ್ನುವ ಬಾಡಿಗೆ ವ್ಯಾನು ಹತ್ತಿ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಇಳಿದು ಕಂಪನಿಯ ಅಡುಗೆಮನೆಯ ಬೀಗ ತೆಗೆದೆ. ಮುಂದಿನ ತಂಡ ಹೊರಡುವುದಕ್ಕೆ ಇನ್ನು ಎರಡೇ ದಿನವಿತ್ತು. ಒಲೆ ಹಚ್ಚಿ ಕಡಲೆಬೇಳೆ, ಮೆಣಸಿನಕಾಯಿ, ಕೊಬ್ಬರಿ ಹುರಿದೆ. ಇಂಜೇರಿ ಕುಟ್ಟಿಕೊಟ್ಟಳು. ಚೀಲದಿಂದ ಗಿರಿಜಾಳ ಹಸಿರು ಸೀರೆ ತೆಗೆದು ಅಂಚಿಗೆ ಕತ್ತರಿ ಹಾಕಿ ಚೌಕ ಚೌಕವಾಗಿ ಹರಿದೆ. ಡಬ್ಬಿಗಳನ್ನು ತುಂಬಿ ಅದರಲ್ಲಿ ಕಟ್ಟಿದೆ. ಹತ್ತು ಗಂಟೆಗೆ ಫಿಲೋಮಿನಾ ಬಂದು ಎಣಿಸಿದಳು.

"ಹದಿಮೂರು ಉಂಟಲ್ಲ ಅಮ್ಮ. ಒಂದು ಎಂತಕ್ಕೆ ಹೆಚ್ಚು?"

"ಕಟ್ಟೆ ಮೇಲೆ ಇಡೋಕೆ."

ಅವಳು ಬಾಂಬಿನ ಮಾತು ಎತ್ತಲಿಲ್ಲ. ಅದೊಂದನ್ನು ಬೇರೆ ತೆಗೆದು ತನ್ನ ಕೈಚೀಲದಲ್ಲಿಟ್ಟುಕೊಂಡಳು. ಅದರ ಗಂಟನ್ನು ಗಿರಿಜಾಳ ಹಾಗೆ ಎಡಗೈಯಲ್ಲಿ ಹಾಕೋಣವೆಂದು ನಾನು ಮೊದಲು ನೋಡಿದ್ದೆ. ಆಮೇಲೆ ಬಿಚ್ಚಿ, ನನ್ನ ಬಲಗೈ ಗಂಟನ್ನೇ ಹಾಕಿದೆ. ಕಳಿಸಿದವರು ಯಾರು ಎಂದು ಅವಳಿಗೆ ಗೊತ್ತಾಗಬೇಕಲ್ಲ.