ಎರಡನೇ ಭಾಗಕ್ಕೆ ಬಂದವರು

ಸಿನಿಮಾವೊಂದರ ಎರಡನೇ ಭಾಗ ಬರುತ್ತದೆ ಎಂದು ಸುದ್ದಿಯಾದರೆ ಎಲ್ಲರೂ ಹೀರೋ ಅವನೇನಾ, ಹೀರೋಯಿನ್ ಯಾರು ಎಂದು ಕೇಳುತ್ತಾರೆ. ನಾನು ಸಂಗೀತ ಯಾರದು ಎಂದು ನೋಡುತ್ತೇನೆ. ಮೊದಲ ಭಾಗದವರದೇ ಆಗಿದ್ದರೆ ಪೇಪರು ಮಡಚಿಟ್ಟು ನನ್ನ ಕೆಲಸ ನೋಡಿಕೊಳ್ಳುತ್ತೇನೆ. ಹೊಸಬರಾಗಿದ್ದರೆ ಮರುದಿನ ಬೆಳಿಗ್ಗೆ ದೇವರ ಮುಂದೆ ಒಂದು ಊದುಬತ್ತಿ ಹೆಚ್ಚಿಗೆ ಹಚ್ಚುತ್ತೇನೆ. ಆ ಮನುಷ್ಯ ಯಾವ ಊರಿನವನೋ, ಯಾವ ದೇವರ ಒಕ್ಕಲೋ ನನಗೆ ಗೊತ್ತಿರುವುದಿಲ್ಲ. ಆದರೂ ಅವನಿಗೆ ಮುಂದೆ ಏನು ಕಾದಿದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ.

ಹಾಗೆಂದು ಸಂಗೀತದಲ್ಲಿ ನನಗೆ ಪರಿಶ್ರಮವಿದೆ ಎಂದು ತಿಳಿಯಬೇಡಿ. ನಾನು ಹರಿಹರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ದಾವಣಗೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪ್ರಾರ್ಥನೆಯ ಹೊತ್ತಿನಲ್ಲಿ ನಾನು ನಿಂತ ಸಾಲಿನ ಮಕ್ಕಳೆಲ್ಲ ಶ್ರುತಿ ಬಿಡುತ್ತಾರೆಂದು ಹೆಡ್‌ಮಾಸ್ತರು ನನ್ನನ್ನು ಗೇಟಿನ ಹತ್ತಿರ ತಡವಾಗಿ ಬರುವವರನ್ನು ಹಿಡಿಯುವ ಕೆಲಸಕ್ಕೆ ಹಾಕಿದ್ದಾರೆ. ನನ್ನ ಮರುಕಕ್ಕೆ ಕಾರಣ ಬೇರೆ. ನಾನೂ ಎರಡನೇ ಭಾಗಕ್ಕೆ ಬಂದವಳು.

ಬಿಡಿಸಿ ಹೇಳಬೇಕೆಂದರೆ, ನಮ್ಮ ಯಜಮಾನರಿಗೆ ನಾನು ಎರಡನೇ ಹೆಂಡತಿ. ಮೊದಲನೆಯವರು ಗಿರಿಜಕ್ಕ, ಕಾಯಿಲೆಯಾಗಿ ತೀರಿಕೊಂಡರು. ನಾನು ಭಾನುವಳ್ಳಿಯಿಂದ ದೇವರಾಜ ಅರಸು ಬಡಾವಣೆಯ ಈ ಮನೆಗೆ ಬಂದಾಗ ಅವರ ಮಗ ಶಶಿಧರ ಏಳನೇ ಕ್ಲಾಸಿನಲ್ಲಿದ್ದ. ಕಥೆ ಅದೇ, ಪಾತ್ರಗಳು ಅವೇ, ಸೆಟ್ಟಿಗೂ ಖರ್ಚು ಮಾಡಿರಲಿಲ್ಲ. ಬದಲಾದದ್ದು ಹಿನ್ನೆಲೆಯ ಸದ್ದು ಮಾತ್ರ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವ ಸದ್ದು, ಹಾಲಿನವನ ಜೊತೆ ಜಗಳವಾಡುವ ಸದ್ದು, ಒಗ್ಗರಣೆ ಸಿಡಿಯುವ ಸದ್ದು, ಎಲ್ಲವೂ ಇದ್ದವು, ಆದರೆ ಬೇರೆ ಕೈಯಿಂದ, ಬೇರೆ ಗಂಟಲಿನಿಂದ ಬರುತ್ತಿದ್ದವು. ಇಂಥ ಬದಲಾವಣೆಯನ್ನು ಜನ ಸುಮ್ಮನೆ ಬಿಡುವುದಿಲ್ಲ.

ಸಿನಿಮಾಕ್ಕೆ ಅಭಿಮಾನಿಗಳಿದ್ದಂತೆ ಮನೆಗೆ ನೆಂಟರು. ಯಜಮಾನರ ಅಕ್ಕ ಕೊಕ್ಕನೂರಿನಲ್ಲಿದ್ದಾರೆ. ನಾನು ಮಾಡಿದ ಯಾವುದನ್ನೇ ಬಾಯಿಗಿಟ್ಟರೂ ಸ್ವಲ್ಪ ಹೊತ್ತು ಗೋಡೆ ನೋಡುತ್ತಾರೆ. ಆಮೇಲೆ, "ಚೆನ್ನಾಗೈತೆ ಬಿಡು. ಗಿರಿಜಾ ಮಾಡ್ತಿದ್ದದ್ದು ಬ್ಯಾರೆ ಥರ," ಅನ್ನುತ್ತಾರೆ. ಮೋಸವಿಲ್ಲದ ಹೆಂಗಸು, ಬಯ್ಯುವುದಿಲ್ಲ. ಎರಡನೇ ಭಾಗದ ಹಾಡು ಬಿಡುಗಡೆಯಾದಾಗ ಮೊಬೈಲಿನಲ್ಲಿ ಕೆಳಗೆ ಬರೆಯುವವರು ಇಷ್ಟು ಒಳ್ಳೆಯವರಲ್ಲ. "ಮೊದಲನೇ ಭಾಗದ ಆತ್ಮವೇ ಇಲ್ಲ" ಎಂದು ಅಲ್ಲಿ ಬರೆದಿರುತ್ತದೆ. ಹಾಡು ಬಂದು ಇನ್ನೂ ಪಲ್ಲವಿ ಮುಗಿದಿರುವುದಿಲ್ಲ, ಅಷ್ಟರಲ್ಲಿ ಆತ್ಮ ಇಲ್ಲವೆಂದು ಗೊತ್ತಾಗಿರುತ್ತದೆ. ಆತ್ಮದ ವಿಷಯ ಇಷ್ಟು ಬೇಗ ಇತ್ಯರ್ಥವಾದದ್ದನ್ನು ನಾನು ವೇದಾಂತದಲ್ಲೂ ಓದಿಲ್ಲ.

ನಮ್ಮ ಹಳೆಯ ಕವಿಗಳಿಗೆ ಈ ಕಷ್ಟ ಗೊತ್ತಿತ್ತು. ಅದಕ್ಕೇ ಅವರು ಕಾವ್ಯ ಶುರು ಮಾಡುವ ಮೊದಲು ಹಿಂದಿನ ಕವಿಗಳಿಗೆಲ್ಲ ಕೈಮುಗಿಯುತ್ತಿದ್ದರು. ಇದಕ್ಕೆ ಪೂರ್ವಕವಿ ಸ್ಮರಣೆ ಎಂದು ಹೆಸರು. ಪರೀಕ್ಷೆಗೆ ಎರಡು ಅಂಕಕ್ಕೆ ಬರುತ್ತದೆ. ವಿನಯ ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ, ಆದರೆ ಅದು ಮುಂಜಾಗ್ರತೆ ಎಂದು ನನ್ನ ಖಾಸಗಿ ಅಭಿಪ್ರಾಯ. ಅವರು ದೊಡ್ಡವರು, ನಾನು ಅವರ ಕಾಲಿನ ಧೂಳು ಎಂದು ಮೊದಲೇ ಹೇಳಿಬಿಟ್ಟರೆ ಬೇರೆಯವರಿಗೆ ಹೇಳಲು ಏನೂ ಉಳಿಯುವುದಿಲ್ಲ.

ನನ್ನ ಪೂರ್ವಕವಿ ಸ್ಮರಣೆ ವರ್ಷಕ್ಕೊಮ್ಮೆ ಹಿರಿಯರ ಹಬ್ಬದಲ್ಲಿ ನಡೆಯುತ್ತದೆ. ಅವತ್ತು ಗಿರಿಜಕ್ಕನ ಫೋಟೋ ಒರೆಸಿ, ಹೂ ಹಾಕಿ, ಹೊಸ ಸೀರೆಯಿಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡಬೇಕು. ಮಾಡುವವಳು ನಾನೇ. ಹೊಸ ಸಂಗೀತಗಾರ ತನ್ನ ಟ್ಯೂನನ್ನು ಹಳೆಯವರ ಮನೆಗೇ ಒಯ್ದು ಅವರ ಮುಂದೆ ಬಡಿಸಬೇಕೆಂಬ ಪದ್ಧತಿ ಸಿನಿಮಾದವರಲ್ಲಿ ಇಲ್ಲ, ಅವರು ಪುಣ್ಯವಂತರು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಆ ಹೊತ್ತಿನಲ್ಲಿ ಪ್ರತಿ ವರ್ಷವೂ ಯಾವುದಕ್ಕೆ ಉಪ್ಪು ಹಾಕಿದೆ, ಯಾವುದಕ್ಕೆ ಮರೆತೆ ಎಂದು ಲೆಕ್ಕ ಹಾಕುತ್ತೇನೆ. ಒಳಗೆ ಹೋಗಿ ನೋಡಿದರೆ ಗಿರಿಜಕ್ಕ ಮೊದಲಿನಂತೆಯೇ ನಗುತ್ತಿರುತ್ತಾರೆ. ನನ್ನ ಅಡುಗೆಯ ಬಗ್ಗೆ ಇವತ್ತಿನವರೆಗೂ ಏನೂ ಅನ್ನದವರು ಈ ಬಳಗದಲ್ಲಿ ಅವರೊಬ್ಬರೇ.

ಅವರೊಬ್ಬರು ಮತ್ತು ಶಶಿಧರ. ಶಶಿ ಎದುರು ಮಾತಾಡಿದ ಹುಡುಗನಲ್ಲ. ಬಡಿಸಿದ್ದನ್ನು ಉಂಡು, ತಟ್ಟೆ ತೊಳೆದಿಟ್ಟು, ಹೇಳಿದ ಕೆಲಸ ಮಾಡಿ ತನ್ನ ಕೋಣೆಗೆ ಹೋಗುತ್ತಿದ್ದ. ನನ್ನನ್ನು ಏನೂ ಎಂದು ಕರೆಯುತ್ತಿರಲಿಲ್ಲ. ಏನಾದರೂ ಹೇಳುವುದಿದ್ದರೆ ನಾನು ಅವನ ಕಡೆ ನೋಡುವವರೆಗೆ ಕಾದು ಆಮೇಲೆ ಮಾತು ಶುರು ಮಾಡುತ್ತಿದ್ದ. ಬೈದಿದ್ದರೆ ಉತ್ತರ ಕೊಡಬಹುದಿತ್ತು, ಹೊಗಳಿದ್ದರೆ ನಾಚಬಹುದಿತ್ತು. ಅವನು ನನ್ನನ್ನು ಈ ಮನೆಯವಳೆಂದು ಒಪ್ಪಿದ್ದಾನೋ, ಬಂದ ಅತಿಥಿ ಇನ್ನೂ ಹೊರಟಿಲ್ಲವೆಂದು ಸಹಿಸಿಕೊಂಡಿದ್ದಾನೋ ನನಗೆ ತಿಳಿಯುತ್ತಿರಲಿಲ್ಲ. ಅದೊಂದು ತಿಳಿದಿದ್ದರೆ ನನಗೆ ನೆಂಟರ ಮಾತು ಯಾವುದೂ ಲೆಕ್ಕಕ್ಕಿರಲಿಲ್ಲ.

ಹೀಗಿರುವಾಗ, ಅವನು ಓದು ಮುಗಿಸಿ ಅಪ್ಪನ ಮೋಟಾರು ಪಂಪಿನ ಅಂಗಡಿಯಲ್ಲಿ ಕೂರಲು ಶುರು ಮಾಡಿದ ಮೇಲೆ, ಅವನ ಮೆಚ್ಚಿನ ಹೀರೋನ ಹಳೆಯ ಸಿನಿಮಾಕ್ಕೆ ಎರಡನೇ ಭಾಗ ಬಂತು. ಸಂಗೀತದವರು ಬದಲಾಗಿದ್ದರು. ಟೀಸರು ಬಂದ ದಿನ ಶಶಿ ಊಟ ಮಾಡಲಿಲ್ಲ. ಗಿರಾಕಿಯೊಬ್ಬರಿಗೆ ಒಂದು ಎಚ್‌ಪಿ ಮೋಟಾರಿನ ಬದಲು ಮೂರು ಎಚ್‌ಪಿಯದು ಕಟ್ಟಿ ಕಳಿಸಿದ. ನನ್ನ ಬಸ್ಸಿನಲ್ಲೂ ಅದೇ ಗಲಾಟೆ. ಹೈಸ್ಕೂಲಿನ ಹುಡುಗರು ಹಳೆಯ ಸಂಗೀತದವರು, ಹೊಸ ಸಂಗೀತದವರು ಎಂದು ಎರಡು ಪಕ್ಷವಾಗಿ, ಡ್ರೈವರಿನ ಹಿಂದಿನ ಸೀಟುಗಳನ್ನು ಒಂದು ಪಕ್ಷ, ಹಿಂಬಾಗಿಲನ್ನು ಒಂದು ಪಕ್ಷ ಹಿಡಿದಿದ್ದರು. ಇವರೆಲ್ಲ ಇಳಿಯುವ ಹರಿಹರದ ದೇವರೋ, ಬಲಗಡೆ ಶಿವ, ಎಡಗಡೆ ವಿಷ್ಣು. ಎರಡು ಕಡೆಯ ಅಭಿಮಾನಿಗಳ ಜಗಳ ಕೇಳಿ ಕೇಳಿ ಬೇಸತ್ತು ಹಿಂದಿನವರು ಒಂದೇ ಕಲ್ಲಿನಲ್ಲಿ ತೀರ್ಮಾನ ಮಾಡಿದ್ದಾರೆ. ಸಿನಿಮಾದ ಸಂಗೀತಕ್ಕೆ ಅಂಥ ಶಿಲ್ಪಿ ಇನ್ನೂ ಸಿಕ್ಕಿಲ್ಲ.

ದಾವಣಗೆರೆಯ ಅಭಿಮಾನಿ ಸಂಘದವರು ಸಭೆ ಸೇರಿದರು. ಹೀರೋನ ತಪ್ಪೇನೂ ಇಲ್ಲದ್ದರಿಂದ ಕಟೌಟಿಗೆ ಹಾರ ಹಾಕುವುದು, ಹಾಲು ಹೊಯ್ಯುವುದು, ಆದರೆ ಸಂಗೀತವನ್ನು ಬಹಿಷ್ಕರಿಸುವುದು ಎಂದು ನಿರ್ಣಯವಾಯಿತು. ಥಿಯೇಟರಿನೊಳಗೆ ಕೂತು ಸಂಗೀತವನ್ನು ಬಹಿಷ್ಕರಿಸುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಕಿವಿಗೆ ಹತ್ತಿ ಇಟ್ಟುಕೊಳ್ಳೋಣವೆಂದು ಒಬ್ಬ ಹೇಳಿದ. ಡೈಲಾಗೂ ಕೇಳಿಸುವುದಿಲ್ಲವೆಂದು ಅದನ್ನು ಕೈಬಿಟ್ಟರು. ಕೊನೆಗೆ, ಹೀರೋ ಪರದೆಗೆ ಬರುವ ಹೊತ್ತಿಗೆ ನಮ್ಮದೇ ಸ್ಪೀಕರಿನಲ್ಲಿ ಮೊದಲ ಭಾಗದ ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ, ಹಾಕುವುದು ಎಂದು ಒಪ್ಪಿದರು. ಸ್ಪೀಕರು ಓಣಿಯ ಗಣಪತಿ ಸಮಿತಿಯದು, ಹಿಟ್ಟಿನ ಡಬ್ಬಿಯಷ್ಟಿತ್ತು. ಅದನ್ನು ಒಳಗೆ ಒಯ್ಯುವುದು ಹೇಗೆ ಎಂಬ ಪ್ರಶ್ನೆಗೆ ಶಶಿ ಉತ್ತರ ಕಂಡುಕೊಂಡ.

ಅವತ್ತು ನಾನು ಅಡುಗೆಮನೆಯಲ್ಲಿ ತಿರುಗಿ ನೋಡಿದಾಗ ಬಾಗಿಲಲ್ಲಿ ನಿಂತಿದ್ದ.

"ಗಂಡಸ್ರ ಚೀಲ ಭಾಳ ತಪಾಸ್ ಮಾಡ್ತಾರೆ. ನೀವು ಬರ್ತೀರಾ?"

"ನಾನು ಯಾಕಪ್ಪ?"

"ಟೀಚರ್ ಥರ ಕಾಣ್ತೀರಿ."

ಅದರಲ್ಲಿ ಅವನ ತಪ್ಪೇನಿಲ್ಲ. ಒಂದು ಸಂಗೀತಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳಿದೆ. ಅವನು ಬಾಗಿಲ ಚಿಲಕ ಆಡಿಸಿದ.

"ಅವ್ವ ಅದನ್ನೇ ಹಾಡ್ತಿದ್ಲು. ಹೋಳಿಗೆ ಲಟ್ಟಿಸ್ತಾ. ಸಿನಿಮಾಕ್ಕೆ ನಾವಿಬ್ರೇ ಹೋಗಿದ್ವಿ," ಅಂದ. ಆಮೇಲೆ, "ಅಪ್ಪಗೆ ಹೇಳಬ್ಯಾಡ್ರಿ," ಅಂದ.

ನಾನು ಈ ಮನೆಗೆ ಬಂದ ಮೇಲೆ ಅವನು ನನ್ನಿಂದ ಬಾಯಿಬಿಟ್ಟು ಕೇಳಿದ ಮೊದಲ ಸಹಾಯ ಅದು. ಎರಡನೇ ಭಾಗದ ಸಂಗೀತಗಾರನಿಗೆ ಮಸಿ ಬಳಿಯುವ ಕೆಲಸಕ್ಕೆ ಈ ಭೂಮಿಯ ಮೇಲೆ ನನಗಿಂತ ತಪ್ಪು ಜನ ಸಿಗುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅವನು ರೈಲ್ವೆ ಸೇತುವೆ ಬೀಳಿಸಬೇಕು ಅಂದಿದ್ದರೂ ಹಾರೆ ಎಲ್ಲಿದೆ ಎಂದು ಕೇಳುತ್ತಿದ್ದೆ.

ಪರೀಕ್ಷೆ ಪೇಪರು ತರುವ ಚೀಲದಲ್ಲಿ ಸ್ಪೀಕರನ್ನು ಇಟ್ಟು, ಮೇಲೆ ಸೆರಗಿನಂತೆ ಟವೆಲು ಹೊದಿಸಿ, ಅದರ ಮೇಲೆ ಒಂದು ಪೊಟ್ಟಣ ಚಕ್ಕುಲಿ ಇಟ್ಟುಕೊಂಡು ಮೊದಲ ಆಟಕ್ಕೆ ಹೊರಟೆ. ಬಾಗಿಲಿನಲ್ಲಿದ್ದಾತ ಚೀಲದೊಳಗೆ ಕೈಹಾಕಿ ಚಕ್ಕುಲಿ ತೆಗೆದ.

"ಹೊರಗಿನ ತಿಂಡಿ ಒಳಗ ಬಿಡಂಗಿಲ್ಲ ಮೇಡಂ. ಇದೇನು ಕೆಳಗ?"

"ಸ್ಪೀಕರು," ಅಂದೆ. ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ಹೇಳಿ ಹೇಳಿ ನಾಲಿಗೆಗೆ ಅದೇ ಅಭ್ಯಾಸವಾಗಿಹೋಗಿದೆ.

"ತಿನ್ನಾದಲ್ಲಲ್ಲ, ಹೋಗ್ರಿ," ಅಂದ.

ಆಟ ಶುರುವಾಯಿತು. ಹೀರೋನ ಬೂಟು ಕಾಣಿಸಿತು. ಥಿಯೇಟರಿನ ಗೋಡೆ ಗೋಡೆಯಿಂದ ಹೊಸ ಸಂಗೀತ ಅಪ್ಪಳಿಸಿತು, ನನ್ನ ಹಲ್ಲು ಅದುರಿದವು. ಪಕ್ಕದಲ್ಲಿದ್ದ ಶಶಿ ಎದ್ದು ನಿಂತು ಮೊಬೈಲ್ ಒತ್ತಿದ. ನನ್ನ ತೊಡೆಯ ಮೇಲಿದ್ದ ಸ್ಪೀಕರಿನಿಂದ ಮೊದಲ ಭಾಗದ ಸಂಗೀತ ಹೊರಟಿತು. ಹೊರಟದ್ದು ನಿಜ, ಎಲ್ಲಿಗೂ ತಲುಪಲಿಲ್ಲ. ಓಣಿಯ ಗಣಪತಿಗೆ ಸಾಲುವ ಸದ್ದು ಥಿಯೇಟರಿನ ಯಂತ್ರಗಳ ಮುಂದೆ ಆನೆಯ ಮುಂದೆ ಸೊಳ್ಳೆ ಗುಂಯ್‌ಗುಟ್ಟಿದಂತಾಯಿತು. ಇಡೀ ದಾವಣಗೆರೆಯ ಪ್ರತಿಭಟನೆ ನನ್ನ ಸೀಟಿನಲ್ಲೇ ಮುಗಿದುಹೋಯಿತು. ಸಂಘದ ಉಳಿದವರು ಅದು ಬರುವುದನ್ನೇ ಕಾಯುತ್ತಾ ಕಾಯುತ್ತಾ, ತಡೆಯಲಾರದೆ ಹೊಸ ಸಂಗೀತಕ್ಕೇ ಶಿಳ್ಳೆ ಹಾಕತೊಡಗಿದರು.

ಶಶಿ ಬಗ್ಗಿ ನನ್ನ ಕಿವಿಯ ಹತ್ತಿರ ಕೂಗಿದ. "ಕೇಳ್ತೈತೇನ್ರಿ?"

"ನನಗೆ ಕೇಳ್ತೈತೆ."

"ಬ್ಯಾರೆಯವರಿಗೆ?"

"ಇಲ್ಲಪ್ಪ."

ಅವನು ಕೂತ. ನಿಲ್ಲಿಸುತ್ತಾನೆಂದುಕೊಂಡೆ, ನಿಲ್ಲಿಸಲಿಲ್ಲ. ನಾನು ಚೀಲದ ಮೇಲೆ ಬಾಗಿ ಕಿವಿಯಿಟ್ಟೆ. ಗಿರಿಜಕ್ಕ ಲಟ್ಟಣಿಗೆ ಹಿಡಿದು ಗುನುಗುತ್ತಿದ್ದ ಆ ರಾಗವನ್ನು ನಾನು ಪೂರ್ತಿ ಕೇಳಿದ್ದು ಅದೇ ಮೊದಲು. ಚೆನ್ನಾಗಿತ್ತು. ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು. ಹೊಸದೂ ಕೆಟ್ಟದ್ದಿರಲಿಲ್ಲ, ಮಾಡಿದವನು ಮೈಮುರಿದು ದುಡಿದಿದ್ದ, ಪಾಪ. ಆದರೆ ತೊಡೆಯ ಮೇಲೆ ನಡುಗುತ್ತಿದ್ದ ಅದನ್ನು ಕೇಳುತ್ತಿದ್ದರೆ, ಈ ಹುಡುಗ ಯಾಕೆ ಇಷ್ಟು ವರ್ಷ ಸುಮ್ಮನಿದ್ದ ಎಂದು ನನಗೆ ಸ್ವಲ್ಪ ಅರ್ಥವಾಯಿತು. ಅಳು ಬಂತು. ಪರದೆಯ ಮೇಲೆ ಆಗ ಹೀರೋ ಏಳು ಜನರನ್ನು ಹೊಡೆಯುತ್ತಿದ್ದದ್ದರಿಂದ, ಪಕ್ಕದ ಸೀಟಿನ ಹೆಂಗಸು ನನ್ನನ್ನು ವಿಚಿತ್ರವಾಗಿ ನೋಡಿದರು.

ಆಟ ಬಿಟ್ಟ ಮೇಲೆ ಸ್ಕೂಟರಿನ ಹತ್ತಿರ, ಹೊಸ ಸಂಗೀತ ಹೇಗಿತ್ತು ಎಂದು ಕೇಳಿದೆ. ನನ್ನ ಬಗ್ಗೆಯೇ ಕೇಳಿದ ಹಾಗೆ ದನಿ ಸಣ್ಣದಾಯಿತು.

"ಪರವಾಗಿಲ್ಲ," ಅಂದ. "ಒಂದೆರಡು ಕಡೆ ಚಲೋ ಮಾಡ್ಯಾನೆ. ಆದ್ರೆ ಅದು ಅದೇ."

"ಹೌದು, ಅದು ಅದೇ," ಅಂದೆ.

ಅವನು ನನ್ನ ಕೈಯಿಂದ ಚೀಲ ತೆಗೆದುಕೊಂಡ. ಅಷ್ಟೇ ಆದದ್ದು. ಮರುದಿನದಿಂದ ಮತ್ತೆ ಊಟ ಮಾಡಿ, ತಟ್ಟೆ ತೊಳೆದಿಟ್ಟು, ಕೋಣೆಗೆ ಹೋಗುವುದು ಮುಂದುವರಿಯಿತು. ನನಗೆ ಬೇಕಾದ ಉತ್ತರ ಸಿಗಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಈಗ ಶಶಿಗೆ ಮದುವೆಯಾಗಿದೆ. ಸೊಸೆ ಕಾವ್ಯ ಹರಿಹರದ ಹುಡುಗಿ, ಮನೆಗೆ ಬಂದು ಇನ್ನೂ ಹೊಸತು. ಮೊನ್ನೆ ಭಾನುವಾರ ಸಂಜೆ ಶಶಿ ಮೊಬೈಲ್ ಹಿಡಿದು ಪಡಸಾಲೆಯಲ್ಲಿ ಶತಪಥ ಹಾಕುತ್ತಿದ್ದ. ಅದೇ ಸಿನಿಮಾಕ್ಕೆ ಮೂರನೇ ಭಾಗ ಬರುತ್ತಿದೆಯಂತೆ, ಸಂಗೀತಕ್ಕೆ ಮತ್ತೊಬ್ಬ ಹೊಸಬನಂತೆ.

"ತಲೆ ಐತೇನ್ರಿ ಇವರಿಗೆ? ಎರಡನೇ ಭಾಗದವನ್ನ ಯಾಕ ತೆಗೀಬೇಕಿತ್ತು? ಆ ಮ್ಯೂಸಿಕ್ ಇಲ್ದೆ ಆ ಸಿನಿಮಾದಾಗೆ ಏನೈತೆ?"

"ಅವನ ವಿರುದ್ಧ ನನ್ನ ಕೈಲಿ ಸ್ಪೀಕರ್ ಹೊರಿಸಿದವನು ನೀನೇ ಅಲ್ಲೇನಪ್ಪ?"

"ಅದು ಬ್ಯಾರೆ. ಆಗ ಅವನು ಹೊಸಬ."

ಅಷ್ಟರಲ್ಲಿ ಕಾವ್ಯ ಒಗ್ಗರಣೆ ಮಂಡಕ್ಕಿ ತಂದಿಟ್ಟಳು. ಶಶಿ ಬೈಯುತ್ತಲೇ ಒಂದು ಮುಕ್ಕು ಬಾಯಿಗೆ ಹಾಕಿಕೊಂಡು ನಿಲ್ಲಿಸಿದ. ಸ್ವಲ್ಪ ಹೊತ್ತು ಗೋಡೆ ನೋಡಿದ.

"ಮಂಡಕ್ಕಿಗೆ ಟೊಮೆಟೊ ಯಾಕ ಹಾಕಿದೆ? ನಮ್ಮನೆಯಾಗೆ ಹಾಕಲ್ಲ. ನಿಂಬೆಹಣ್ಣು ಹಿಂಡ್ತಾರೆ, ಅದು ನಮ್ಮನೆ ಮಂಡಕ್ಕಿ."

ನಾನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ಗಿರಿಜಕ್ಕ ಮಂಡಕ್ಕಿಗೆ ಟೊಮೆಟೊ ಹಾಕುತ್ತಿದ್ದರೆಂದು ಕೊಕ್ಕನೂರಿನ ಅತ್ತಿಗೆ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ನಿಂಬೆಹಣ್ಣು ಭಾನುವಳ್ಳಿಯದು, ನನ್ನ ತವರಿನದು, ನನ್ನ ಜೊತೆ ಈ ಮನೆಗೆ ಬಂದದ್ದು. ಎದ್ದು ಕುಣಿಯಬೇಕೆನಿಸುವಷ್ಟು ಖುಷಿಯಾಯಿತು. ಅವನಿಗೆ ತಾನು ಏನು ಹೇಳಿದೆನೆಂದು ಗೊತ್ತೇ ಇರಲಿಲ್ಲ, ಮೊಬೈಲಿನಲ್ಲಿ ಮೂರನೇ ಭಾಗದವನಿಗೆ ಏನೋ ಬರೆಯಲು ಶುರು ಮಾಡಿದ್ದ.

ಆದರೆ ಕಾವ್ಯಳ ಮುಖ ಕಣ್ಣಿಗೆ ಬಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು, ವರ್ಷಗಟ್ಟಲೆ ಕನ್ನಡಿಯಲ್ಲಿ ನೋಡಿದ್ದೇನೆ. ತಟ್ಟೆ ಎತ್ತಿಕೊಂಡು ಅವಳ ಹಿಂದೆಯೇ ಅಡುಗೆಮನೆಗೆ ಹೋದೆ. ಅವಳ ಎದುರಿಗೇ ನಿಂತು ಪೂರ್ತಿ ಖಾಲಿ ಮಾಡಿ, ಇನ್ನೊಂದಿಷ್ಟು ಹಾಕು ಅಂದೆ. ಚೆನ್ನಾಗಿತ್ತು, ನಿಜಕ್ಕೂ.

"ಟೊಮೆಟೊ ಬಿಡಬ್ಯಾಡ," ಅಂದೆ.

"ಅವರು ಹಂಗಂದ್ರಲ್ಲ ಅತ್ತೆ?"

"ಅನ್ನಲಿ ಬಿಡು. ನಿನ್ನ ಸೊಸೆ ಬಂದು ನಿಂಬೆಹಣ್ಣು ಹಿಂಡಲಿ, ಆಗ ನಿನ್ನ ಮಗ ಅವಳಿಗೆ ಹೇಳ್ತಾನೆ, ನಮ್ಮನೆಯಾಗೆ ಟೊಮೆಟೊನೇ ಹಾಕೋದು ಅಂತ."